ಕೊಟ್ಟು ತಂದ ಬೈಕು

ಬೈಕಿನ ಹಿಂದೆ ಕೂತು ತಿರುಗಲು ಶುರುಮಾಡಿ ನನಗೆ ಎಂಟು ಹತ್ತು ವರ್ಷವಾಯಿತು. ಇಷ್ಟು ವರ್ಷ ಕೂತದ್ದು ಒಂದು ಬೈಕಿನ ಮೇಲೋ ಎರಡು ಬೈಕಿನ ಮೇಲೋ ಎಂದು ಯಾರಾದರೂ ಕೇಳಿದರೆ ನನಗೆ ಗೊತ್ತಿಲ್ಲ. ಕಣ್ಣು ಚೆನ್ನಾಗಿಯೇ ಇದೆ. ಕಾಳುಮೆಣಸಿನಲ್ಲಿ ಪಪ್ಪಾಯಿ ಬೀಜ ಬೆರೆಸಿದ್ದರೆ ನಿಂತಲ್ಲಿಂದಲೇ ಹೇಳುತ್ತೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ತಿಳಿಯುತ್ತಿಲ್ಲ ಎಂದುಕೊಳ್ಳಬೇಡಿ; ಬಿ.ಕಾಂ. ಮಾಡಿದ ನನ್ನ ಸೊಸೆಗೂ ಇದು ತಿಳಿದಿಲ್ಲ.

ನಮ್ಮದು ಬಣಕಲ್ ಹತ್ತಿರ ಸಣ್ಣ ತೋಟ. ನನ್ನ ತವರು ಗೋಣಿಬೀಡು. ನನ್ನ ಮಗಳು ಸುಜಾತಳನ್ನು ನನ್ನ ಅಣ್ಣನ ಮಗ ದಿನೇಶನಿಗೆ ಕೊಟ್ಟೆವು. ಅದೇ ಚಪ್ಪರದಲ್ಲಿ ದಿನೇಶನ ತಂಗಿ ಶೈಲಾಳನ್ನು ನನ್ನ ಮಗ ರವಿಗೆ ತಂದುಕೊಂಡೆವು. ಕೊಟ್ಟು ತಂದ ಸಂಬಂಧ ಎನ್ನುತ್ತಾರೆ ಇದಕ್ಕೆ. ಒಂದೇ ಅಡುಗೆಯಲ್ಲಿ ಎರಡು ಮದುವೆ ಮುಗಿಯುತ್ತದೆ, ಅದು ಅನುಕೂಲ. ಆದರೆ ಒಂದು ಮನೆಯವರು ಸೊಸೆಯನ್ನು ತವರಿಗೆ ಕಳಿಸಿದರೆ ಆ ತವರಿನವರು ತಮ್ಮಲ್ಲಿರುವ ಇವರ ಹೆಣ್ಣಿಗೂ ಗಂಟು ಕಟ್ಟಿಸುತ್ತಾರೆ. ಹೀಗೆ ಒಂದೇ ವಾರದಲ್ಲಿ ಎರಡು ಮನೆ ಮುರಿದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಕಾಫಿಗೆ ಒಳ್ಳೆ ರೇಟು ಬಂದ ಕಾಲದಲ್ಲಿ ಭಾವ ಭಾವ ಇಬ್ಬರೂ ಬೈಕು ತಂದರು. ಒಂದೇ ಕಂಪನಿ, ಒಂದೇ ಇಂಜಿನ್. ರವಿಯದು ಸಾದಾ, ದಿನೇಶನದು ಸ್ಪೋರ್ಟ್. ಸಾದಾ ಎಂದರೆ ಅಗಲ ಸೀಟು, ಎತ್ತರದ ಹ್ಯಾಂಡಲು, ಚಕ್ರಕ್ಕೆ ಸೀರೆ ಸಿಕ್ಕದಂತೆ ಜಾಲರಿ, ಹೆಂಗಸರು ಕಾಲಿಡಲು ಒಂದು ಪಟ್ಟಿ. ಸ್ಪೋರ್ಟ್ ಎಂದರೆ ಇವು ಯಾವುವೂ ಇಲ್ಲ. ಇಷ್ಟೆಲ್ಲ ಇಲ್ಲದ್ದಕ್ಕೆ ಜಾಸ್ತಿ ಬೆಲೆ ಯಾಕೆ ಎಂದು ಕೇಳಿದೆ. "ಅದು ಸ್ಟೈಲಮ್ಮ, ನಿಂಗೆ ಗೊತ್ತಾಗಲ್ಲ" ಎಂದ ರವಿ. ಗೊತ್ತಾಗಲಿಲ್ಲ, ಸರಿ.

ಒಂದು ಭಾನುವಾರ ದಿನೇಶ ಊಟಕ್ಕೆ ಬಂದ. ಊಟವಾದ ಮೇಲೆ ಇಬ್ಬರೂ ಕಾಫಿ ಒಣಗಿಸುವ ಕಣದಲ್ಲಿ ಗೋಣಿ ಹಾಸಿಕೊಂಡು ಕೂತರು. ನಾನು ಪಾತ್ರೆ ತೊಳೆದು ಬರುವಷ್ಟರಲ್ಲಿ ನಮ್ಮ ಕಪ್ಪು ಬೈಕಿಗೆ ಅವರ ಕೆಂಪು ಟ್ಯಾಂಕು ಕೂತಿತ್ತು. "ಒಂದು ವಾರಕ್ಕೆ ಅತ್ತೆ" ಎಂದ ದಿನೇಶ. ಆ ವಾರ ಇನ್ನೂ ಮುಗಿದಿಲ್ಲ. ಆಮೇಲೆ ಹ್ಯಾಂಡಲು ಹೋಯಿತು. ಸೀಟು ಹೋಯಿತು, ಬಂತು, ಮತ್ತೆ ಹೋಯಿತು. ಸುಜಾತ ಬಸುರಿಯಾದಾಗ ಜಾಲರಿ ಗೋಣಿಬೀಡಿಗೆ ಹೋಯಿತು, ಶೈಲಾ ಬಸುರಿಯಾದಾಗ ಬಣಕಲ್ಲಿಗೆ ಬಂತು. ಆ ಜಾಲರಿ ಓಡಾಡಿದಷ್ಟು ನಾವು ಹೆಂಗಸರು ತವರಿಗೆ ಓಡಾಡಿಲ್ಲ. ಮೂಡಿಗೆರೆ ಸಂತೆಯಲ್ಲಿ ಕೆಂಪು ಟ್ಯಾಂಕು ಕಂಡು ಅಳಿಯನದೆಂದು ಚೀಲ ನೇತುಹಾಕಿ ನಿಂತರೆ ಬಂದವನು ಮಗ. ಇನ್ನೊಮ್ಮೆ ಮಗನದೆಂದು ನಿಂತೆ. ಬಂದವರು ಯಾರೋ ಮೇಷ್ಟ್ರು, ಚೀಲ ನೋಡಿ ಹೆದರಿದರು.

"ಟ್ಯಾಂಕು ಅವನದು, ಹ್ಯಾಂಡಲು ಅವನದು, ಸೀಟು ಅರ್ಧ ವರ್ಷ ಅವನದು. ನಿಂದೇನೋ ಇದೆ ಇದ್ರಲ್ಲಿ?" ಎಂದು ರವಿಯನ್ನು ಕೇಳಿದೆ.

"ನಂಬರ್ ಪ್ಲೇಟು" ಎಂದ.

ನಗು ಬಂತು. ಆಮೇಲೆ ಯೋಚನೆಯೂ ಬಂತು. ಗೋಣಿಬೀಡಿನಲ್ಲಿ ಹುಟ್ಟಿ ಬಣಕಲ್ಲಿನಲ್ಲಿ ಮುದುಕಿಯಾದ ನಾನು ಯಾವ ಮನೆಯವಳು? ಹಬ್ಬದ ದಿನ ಎರಡೂ ಕಡೆಯವರು ನಮ್ಮವಳು ಎನ್ನುತ್ತಾರೆ. ಜಗಳದ ದಿನ ಎರಡೂ ಕಡೆಯವರು ಅವರ ಕಡೆಯವಳು ಎನ್ನುತ್ತಾರೆ. ಬೈಕಿಗಾದರೆ ಕಾಗದಪತ್ರ ಇದೆ.

ಜಗಳದ ದಿನವೂ ಬಂತು. ರವಿಗೆ ವೇಗ ಬೇಕಿತ್ತು, ದಿನೇಶನಿಗೆ ಹೆಂಡತಿ ಮಗುವನ್ನು ಕೂರಿಸಿಕೊಂಡು ಏರು ಹತ್ತಬೇಕಿತ್ತು. ಹಾಗಾಗಿ ಹಿಂದಿನ ಗಾಲಿಯಲ್ಲಿ ಚೈನು ಓಡುವ ಹಲ್ಲಿನ ಚಕ್ರವನ್ನು ಅದಲು ಬದಲು ಮಾಡಿಕೊಂಡರು. ಮುಂದಿನ ವಾರವೇ ದೇವರಮನೆ ಬೆಟ್ಟದ ಏರಿನಲ್ಲಿ ದಿನೇಶನ ಬೈಕಿನ ಚೈನು ಹಾರಿ, ಬೈಕು ಮಗುಚಿ, ಸುಜಾತಳ ಮೊಣಕೈ ತರಚಿತು. ಮಗುವಿಗೆ ಏನೂ ಆಗಲಿಲ್ಲ. ಚೈನು ಸಿಕ್ಕಿಸಿಕೊಂಡು ಅವರು ನೇರ ನಮ್ಮ ಮನೆಗೆ ಬಂದರು.

"ಸವೆದಿದ್ದನ್ನ ನಂಗೆ ದಾಟ್ಸಿದ್ದೀಯಲ್ಲ ಭಾವ!" ಎಂದ ದಿನೇಶ.

"ನಿಂಗೆ ಓಡ್ಸಕ್ಕೆ ಬರಲ್ಲ ಅಂತ ಹೇಳು" ಎಂದ ರವಿ.

"ಭಾನುವಾರ ಬರ್ತೀನಿ. ನಮ್ಮನೇದು ಎಲ್ಲಾ ವಾಪಸ್ ಕೊಡು."

"ತಗೊಂಡು ಹೋಗು. ಎಲ್ಲಾನೂ!"

"ಎಲ್ಲಾ ಅಂದ್ರೆ ಎಲ್ಲಾ. ಒಳಗೆ ನಮ್ಮನೇದು ಇನ್ನೊಂದಿದೆ, ನೆನಪಿರ್ಲಿ."

ಒಲೆಯ ಮುಂದೆ ಶೈಲಾಳ ಕೈ ನಿಂತಿತು. ನನ್ನ ಬಾಯಿ ಮಾತ್ರ ನಿಲ್ಲಲಿಲ್ಲ. "ಅದಕ್ಕೆ ಎರಡು ಮಕ್ಕಳಿವೆ ಮಾರಾಯ. ನಿನ್ನ ಟ್ಯಾಂಕಿಗೆ ಎಷ್ಟಿವೆ?" ಎಂದೆ. ಯಾರೂ ನಗಲಿಲ್ಲ. ಸುಜಾತ ಮೊಣಕೈಗೆ ಬಟ್ಟೆ ಸುತ್ತಿಕೊಂಡು, "ಹೊರಡಿ ಈಗ. ಎಮ್ಮೆ ಕರೆಯೋ ಹೊತ್ತಾಯ್ತು" ಎಂದು ಗಂಡನನ್ನು ಎಬ್ಬಿಸಿದಳು.

ಮಾರನೇ ದಿನ ಶೈಲಾ ಅಟ್ಟದಿಂದ ತನ್ನ ಮದುವೆಯ ಟ್ರಂಕನ್ನು ಇಳಿಸಿ ಒರೆಸಿದಳು. ಯಾಕೆ ಎಂದರೆ ಹಲ್ಲಿ ಮೊಟ್ಟೆ ಇಟ್ಟಿದೆ ಎಂದಳು. ಮೊಟ್ಟೆ ಎಲ್ಲೂ ಇರಲಿಲ್ಲ. ನಾನು ಸೀರೆ ಬದಲಾಯಿಸಿ ಬಣಕಲ್ಲಿನ ಮೆಕ್ಯಾನಿಕ್ ಅಬ್ಬಾಸನ ಹತ್ತಿರ ಹೋದೆ. ತಪ್ಪು ಯಾರದು, ಅಷ್ಟು ಹೇಳು ಎಂದೆ.

"ಚೈನೂ ಚಕ್ರಾನೂ ಒಟ್ಟಿಗೆ ಸವೀತವೆ ಅಮ್ಮ" ಎಂದ ಅಬ್ಬಾಸ್. "ಇವ್ರು ಚಕ್ರ ಮಾತ್ರ ಬದಲಾಯ್ಸಿ ಚೈನ್ ಹಳೇದೇ ಬಿಟ್ಟಿದಾರೆ. ಹಲ್ಲು ಕೂರಲ್ಲ, ಏರಲ್ಲಿ ಹಾರ್ತದೆ. ಅದೊಂದು ಜೋಡಿ ಬಿಡಿಸ್ಬಾರ್ದು. ಉಳಿದಿದ್ದು ಯಾರದು ಯಾರಿಗೆ ಹಾಕಿದ್ರೂ ನಡೀತದೆ."

ಬೈಕಿನ ವಿಷಯದಲ್ಲಿ ನನಗೆ ಪೂರಾ ಅರ್ಥವಾದ ಮಾತು ಇದೊಂದೇ. ಬೀಸುಕಲ್ಲಿನ ಮೇಲಿನ ಕಲ್ಲು ನಮ್ಮದು, ಕೆಳಗಿನ ಕಲ್ಲು ಪಕ್ಕದ ಮನೆಯದು ಆದರೆ ರಾಗಿ ರಾಗಿಯಾಗಿಯೇ ಹೊರಗೆ ಬೀಳುತ್ತದೆ. ಕಾಲೇಜಿಗೆ ಹೋಗಿ ಬಂದ ರವಿ, ದಿನೇಶ ಇಬ್ಬರಿಗೂ ಇದು ಹೊಳೆಯಲಿಲ್ಲ.

ಅಲ್ಲಿಂದಲೇ ಬಸ್ಸು ಹತ್ತಿ ಗೋಣಿಬೀಡಿಗೆ ಹೋದೆ. ದಿನೇಶ ಅಂಗಳದಲ್ಲಿದ್ದ. ಅಬ್ಬಾಸ್ ಹೇಳಿದ್ದನ್ನೆಲ್ಲ ಹೇಳಿ, "ಭಾನುವಾರ ಬಾ. ಹಲ್ಲಿನ ಚಕ್ರ ವಾಪಸ್ ತಗೋ" ಎಂದೆ.

"ಉಳಿದಿದ್ದು?" ಎಂದ, ನೆಲ ನೋಡುತ್ತ.

"ಉಳಿದಿದ್ದು ಇರೋ ಕಡೆ ಚೆನ್ನಾಗಿದೆ. ಮುಟ್ಟಿದ್ರೆ ಕೈ ಮುರೀತೀನಿ."

ಸುಜಾತ ಕಾಫಿ ತಂದಳು. ನಾನು ಕಾಫಿ ಕುಡಿದು ಬಸ್ಸಿಗೆ ಬಂದೆ.

ಭಾನುವಾರ ದಿನೇಶ ಬೈಕನ್ನು ಮೆಲ್ಲಗೆ ಓಡಿಸಿಕೊಂಡು ಬಂದ. ರವಿ ಕಣದಲ್ಲಿದ್ದ. ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ದಿನೇಶ ಕೈ ಚಾಚಿ ಸ್ಪ್ಯಾನರ್ ಕೇಳಿದ, ರವಿ ಕೊಟ್ಟ. ಒಳಗಿನಿಂದ ಶೈಲಾ ಎಷ್ಟು ಜನಕ್ಕೆ ಅಕ್ಕಿ ಹಾಕಲಿ ಎಂದಳು. ನಿನ್ನ ಅಣ್ಣನನ್ನೂ ಸೇರಿಸಿ ಹಾಕು ಎಂದೆ.

ಸಂಜೆ ದಿನೇಶ ಹೊರಟ. ಯಾವ ಬೈಕಿನಲ್ಲಿ ಹೊರಟ ಎಂದು ನನ್ನನ್ನು ಕೇಳಬೇಡಿ. ಒಂದರಲ್ಲಿ ಬಂದಿದ್ದ, ಒಂದರಲ್ಲಿ ಹೋದ. ಶೈಲಾ ನನ್ನ ಪಕ್ಕದಲ್ಲೇ ನಿಂತಿದ್ದಳು. ನಾನು ನೋಡುತ್ತಿದ್ದದ್ದು ಹಿಂದಿನ ಸೀಟನ್ನು. ಅದು ಖಾಲಿ ಇತ್ತು.