ಮಂಗಳೂರು ಕಾಕು ಇಟ್ಟ ನೀರು

ಫಿನಾಯಿಲ್ ವಾಸನೆಗೆ ಕಣ್ಣು ತುಂಬಿತು ಎಂದರೆ ಯಾರಾದರೂ ನಕ್ಕಾರು. ನಗಲಿ. ಕಳೆದ ತಿಂಗಳು ಮಂಗಳೂರಿನಲ್ಲಿ, ಸಮುದ್ರದ ದಂಡೆಗೆ ಹೋಗುವ ದಾರಿಯಲ್ಲಿ, ಹೆಂಗಸರ ಶೌಚಾಲಯದ ಬಾಗಿಲು ತಳ್ಳಿದೆ. ಒಳಗೆ ಚಿಲಕ ಸರಿಯಾಗಿತ್ತು, ನಲ್ಲಿಯಲ್ಲಿ ನೀರು ಬರುತ್ತಿತ್ತು, ಆಗಷ್ಟೇ ತೊಳೆದ ನೆಲದಿಂದ ಫಿನಾಯಿಲ್ ವಾಸನೆ ಎದ್ದಿತ್ತು. ನಮ್ಮೂರಿನಲ್ಲಿ ನಾವೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದವಳ ಹಿತ್ತಲಲ್ಲಿ ಬರುತ್ತಿದ್ದದ್ದು ಇದೇ ವಾಸನೆ. ಒಂದು ಗಳಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಅಳು ನಿಂತಿದೆ, ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ಬ್ಯಾಂಕಿನಲ್ಲಿರುವ ನನ್ನ ಗಂಡನಿಗೆ ಬೀದರಿನಿಂದ ವರ್ಗವಾಗಿ ನಾವು ಮಂಗಳೂರಿಗೆ ಬಂದು ವರ್ಷವಾಯಿತು. ಇಲ್ಲಿನ ಸೆಕೆಗೆ ದಿನಾ ಬಯ್ಯುತ್ತೇನೆ. ನನ್ನ ಮಾತು ಕೇಳಿದ ಕೂಡಲೇ ತರಕಾರಿಯವಳು ಘಟ್ಟದವರಾ ಎಂದು ಕೇಳುತ್ತಾಳೆ, ಅದಕ್ಕೂ ಉರಿಯುತ್ತದೆ. ಆದರೆ ಸುಳ್ಳು ಹೇಳಬಾರದು. ಮನೆಯೆದುರಿಗೇ ಬಸ್ಸು ಸಿಗುತ್ತದೆ, ಆಸ್ಪತ್ರೆಗೆ ನಡೆದೇ ಹೋಗಬಹುದು, ಹೆಂಗಸೊಬ್ಬಳು ಬೆಳಿಗ್ಗೆ ಹೊರಬಿದ್ದರೆ ಸಂಜೆಯವರೆಗೆ ಹೊಟ್ಟೆ ಬಿಗಿ ಹಿಡಿದು ಕೂರಬೇಕಾಗಿಲ್ಲ. ನನ್ನ ಹದಿನೇಳರ ವಯಸ್ಸಿನಲ್ಲಿ ಕಾಕು ಇದನ್ನೆಲ್ಲ ಹೇಳಿದಾಗ ನಾನು ಅರ್ಧ ನಂಬಿದ್ದೆ, ಊರಿನವರು ಅಷ್ಟೂ ನಂಬಿರಲಿಲ್ಲ.

ನಮ್ಮೂರು ಭಾಲ್ಕಿಗೂ ಔರಾದಿಗೂ ನಡುವೆ ಇದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಊರಿನವರು ಜಗಳಕ್ಕೆ ಬರುತ್ತಾರೆ. ಕಾಕುವಿನ ಗಂಡ ಮಂಗಳೂರಿನ ಬಂದರಿನಲ್ಲಿ ನೌಕರಿಯಲ್ಲಿದ್ದರು. ಅಲ್ಲಿನ ಕ್ವಾರ್ಟರ್ಸಿನಲ್ಲಿ ಅರ್ಧ ಆಯುಷ್ಯ ಕಳೆದು, ನಿವೃತ್ತಿಯಾದ ಮೇಲೆ ನಮ್ಮೂರ ಬಸ್ ಸ್ಟ್ಯಾಂಡಿನ ಎದುರಿಗೇ ಮನೆ ಕಟ್ಟಿದರು. ಕಟ್ಟಿದ ಮೇಲೆ ಹೆಚ್ಚು ದಿನ ಬದುಕಲಿಲ್ಲ. ಮಗ ಮಂಗಳೂರಿನಲ್ಲೇ ನೌಕರಿ ಹಿಡಿದಿದ್ದ. ಕಾಕು ಮಾತ್ರ ಇದು ತನ್ನ ಊರು, ತಾನು ಇಲ್ಲೇ ಇರುವವಳು ಎಂದು ಹಟ ಹಿಡಿದು ಉಳಿದಳು. ನಾನಾಗ ಭಾಲ್ಕಿಯ ಕಾಲೇಜಿಗೆ ಹೋಗುತ್ತಿದ್ದೆ. ಬಸ್ಸು ಬರುವವರೆಗೆ ಆಕೆಯ ಕಟ್ಟೆಯೇ ನನ್ನ ಜಾಗ.

ಬಾಯಿ ತೆಗೆದರೆ ಮಂಗಳೂರು. ಅದಕ್ಕೇ ಊರಿಗೆಲ್ಲ ಆಕೆ ಮಂಗಳೂರು ಕಾಕು. ಆಕೆ ಕಟ್ಟೆಗೆ ಬಂದರೆ ಸಾಕು, ಹೋಟೆಲಿನ ಮುಂದೆ ಕೂತ ಗಂಡಸರು ಸಮುದ್ರ ಬಂತು ಎಂದು ಕಣ್ಣು ಮಿಟುಕಿಸುತ್ತಿದ್ದರು. ಒಮ್ಮೆ ಸಮುದ್ರ ಹೇಗಿರುತ್ತದೆ ಎಂದು ನಾನೂ ಕೇಳಿದೆ. “ಸಮುದ್ರ ಇರ್ಲಿ ಮಗಳ,” ಅಂದಳು, “ಅಲ್ಲಿ ಸ್ಟ್ಯಾಂಡಿನ್ಯಾಗ ಹೆಣ್ಮಕ್ಕಳ ಪಾಯಖಾನಿಗಿ ಕೀಲಿ ಹಾಕಿರಲ್ಲ.”

ನಮ್ಮ ಸ್ಟ್ಯಾಂಡಿನಲ್ಲೂ ಹೆಂಗಸರ ಪಾಯಖಾನೆ ಇತ್ತು. ಟೈಲ್ಸ್ ಹಾಕಿ, ಗೋಡೆಗೆ ಸೆರಗು ಹೊದ್ದ ಹೆಂಗಸಿನ ಚಿತ್ರ ಬರೆಸಿ, ಟೇಪು ಕತ್ತರಿಸಿ, ಅವತ್ತೇ ಕೀಲಿ ಹಾಕಿದ್ದರು. ಕೀಲಿಕೈ ಯಾರ ಹತ್ತಿರ ಎಂದು ಕಾಕು ಕೇಳದ ಮನುಷ್ಯನಿಲ್ಲ. ಒಬ್ಬ ಇನ್ನೊಬ್ಬನ ಹೆಸರು ಹೇಳುತ್ತಿದ್ದ, ಆ ಇನ್ನೊಬ್ಬ ನಗುತ್ತಿದ್ದ. ಗಂಡಸರಿಗೇನು, ಗೋಡೆ ಕಂಡಲ್ಲೆಲ್ಲ ಜಾಗ. ಹೆಂಗಸರು ಮಾತ್ರ ಬಸ್ಸಿಗೆ ಹೊರಡುವ ದಿನ ಬೆಳಿಗ್ಗೆಯಿಂದ ನೀರೇ ಕುಡಿಯುತ್ತಿರಲಿಲ್ಲ. ಅವ್ವ ಬೀದರಿಗೆ ಹೋಗಿ ಬಂದ ಸಂಜೆ ತುಟಿ ಒಡೆದು, ತಲೆ ಹಿಡಿದುಕೊಂಡು ಮಲಗುತ್ತಿದ್ದಳು. ಯಾರೂ ಇದನ್ನು ತ್ರಾಸು ಎಂದು ತಿಳಿದಿರಲಿಲ್ಲ. ಹೆಣ್ಣುಮಕ್ಕಳಿಗೆ ಇರಬೇಕಾದ ಶಿಸ್ತು ಎಂದೇ ತಿಳಿದಿದ್ದರು.

ಬೇಸಿಗೆ ಶುರುವಾದಾಗ ಕಾಕು ಕಟ್ಟೆಯ ಮೇಲೆ ನೀರಿನ ಮಡಕೆ ಇಟ್ಟಳು. ಮೇಲೆ ಒದ್ದೆ ಬಟ್ಟೆ, ಪಕ್ಕದಲ್ಲಿ ಫಳಫಳ ಬೆಳಗಿದ ಗ್ಲಾಸು. ಸಂತೆಯ ದಿನ ಬಸ್ಸಿಗೆ ನಿಂತ ಹೆಂಗಸರನ್ನು ಕರೆ ಕರೆದು ನೀರು ಕುಡಿಯಲು ಹೇಳುತ್ತಿದ್ದಳು. ಎಲ್ಲರದೂ ಒಂದೇ ಉತ್ತರ, ಬಸ್ಸಿಗೆ ಹೋಗಬೇಕು, ನೀರು ಬೇಡ. ನಾನೊಬ್ಬಳೇ ಕುಡಿಯುತ್ತಿದ್ದೆ, ಮನೆಗೆ ಹೋದ ಮೇಲೆ ಅವ್ವನಿಂದ ಬಯ್ಯಿಸಿಕೊಳ್ಳುತ್ತಿದ್ದೆ. ಯಾಕೆ ಬಯ್ಯುತ್ತಾಳೆಂದು ಕಾಕುವಿಗೆ ಹೇಳಲಿಲ್ಲ. ಹೇಗೆ ಹೇಳುವುದು...

ಕಾಕು ತನ್ನದೇ ಲೆಕ್ಕ ಹಾಕಿದಳು. ಹೋಗಲು ಜಾಗವಿಲ್ಲ, ಅದಕ್ಕೇ ಕುಡಿಯುವುದಿಲ್ಲ. ಜಾಗವಾದರೆ ಕುಡಿಯುತ್ತಾರೆ. ಗವಂಡಿಯನ್ನು ಕರೆಸಿ ತನ್ನ ಪಾಯಖಾನೆಗೆ ಓಣಿಯ ಕಡೆಯಿಂದ ಬಾಗಿಲು ಒಡೆಸಿದಳು. ಬಕೆಟ್ಟು, ಚೊಂಬು, ಸಾಬೂನು ಇಟ್ಟಳು. ತಾನೇ ಸೆರಗು ಕಟ್ಟಿ ಫಿನಾಯಿಲ್ ಹಾಕಿ ಉಜ್ಜಿದಳು. ಮುಂದಿನ ಸಂತೆಗೆ ಓಣಿಯಲ್ಲಿ ಹೆಂಗಸರ ಸಾಲೇ ನಿಂತಿತು. ಬಸುರಿಯರು ಬಂದರು, ಮುದುಕಿಯರು ಬಂದರು, ಹೊರಗೆ ಬಂದು ಪುಣ್ಯ ಬರಲಿ ಎಂದು ಹರಸಿದರು. ಹರಸಿ, ಮಡಕೆಯ ಪಕ್ಕದಿಂದ ಹಾದು ಹೋದರು.

ಅವತ್ತು ಅವ್ವನೂ ನಾನೂ ಬೀದರಿಗೆ ಹೊರಟಿದ್ದೆವು. ಅವ್ವ ಓಣಿಯಿಂದ ಹೊರಬಂದಾಗ ಕಾಕು ಗ್ಲಾಸು ತುಂಬಿ ಮುಂದೆ ಹಿಡಿದಳು.

“ಬ್ಯಾಡ್ರಿ ಕಾಕು, ಬಸ್ಸಿಗಿ ಹೋಗಬೇಕು,” ಅಂದಳು ಅವ್ವ.

“ಪಾಯಖಾನಿ ಇಲ್ಲೇ ಅದಲ್ಲಾ ತಂಗಿ. ಈಗ ಹೋಗಿ ಬಂದ್ರಿ. ಇನ್ನ ಯಾಕ ಹೆದರ್ತೀರಿ?”

ಅವ್ವ ಸ್ಟ್ಯಾಂಡಿನಲ್ಲಿ ನಿಂತ ಹೆಂಗಸರ ಕಡೆ ನೋಡಿದಳು. ಅವರು ಇವಳನ್ನೇ ನೋಡುತ್ತಿದ್ದರು. ನನ್ನ ರಟ್ಟೆ ಹಿಡಿದು ರಸ್ತೆ ದಾಟಿಸಿದಳು. ದಾಟಿದ ಕೂಡಲೇ ನಮ್ಮ ಓಣಿಯವಳೊಬ್ಬಳು ಚೀಲದಿಂದ ಬಾಟಲಿ ತೆಗೆದು ಕೊಟ್ಟಳು. ಅವ್ವ ಗಟಗಟ ಕುಡಿದಳು. ರಸ್ತೆಯ ಆಚೆ ಕಾಕು ಗ್ಲಾಸು ಹಿಡಿದುಕೊಂಡೇ ನಿಂತಿದ್ದಳು. ಎಲ್ಲವನ್ನೂ ನೋಡಿದಳು. ಆಮೇಲೆ ಆ ನೀರನ್ನು ತಾನೇ ಕುಡಿದು ಒಳಗೆ ಹೋದಳು.

ಬಿಡಿಸಿಯೇ ಹೇಳುತ್ತೇನೆ. ಕಾಕು ಬೌದ್ಧಳು. ಪಡಸಾಲೆಯಲ್ಲಿ ಬುದ್ಧನ ಫೋಟೊ ಇತ್ತು. ಅವರ ಮನೆತನವನ್ನು ಊರು ಬೆನ್ನ ಹಿಂದೆ ಯಾವ ಹೆಸರಿನಿಂದ ಕರೆಯುತ್ತಿತ್ತು ಎಂಬುದನ್ನು ನನ್ನ ಕೈಯಿಂದ ಬರೆಯಲಾರೆ. ಅವರ ಕೈಯ ನೀರು ಮೇಲಿನವರೆನಿಸಿಕೊಂಡ ನಮ್ಮಂಥ ಮನೆಗಳಲ್ಲಿ ನಡೆಯುತ್ತಿರಲಿಲ್ಲ. ಬಸ್ಸಿನ ನೆವ ಎಲ್ಲರಿಗೂ ಅನುಕೂಲವಾಗಿತ್ತು, ಯಾರ ಬಾಯಿಯೂ ಹೊಲಸಾಗುತ್ತಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಅಷ್ಟು ವರ್ಷ ಎಲ್ಲರ ಜೊತೆ ಉಂಡು ತಿಂದು ಕಾಕು ಇದನ್ನು ಮರೆತಿದ್ದಳೋ, ಮರೆಯಬೇಕೆಂದು ಹಟ ಹಿಡಿದಿದ್ದಳೋ...

ಮರುದಿನ ಹೋದಾಗ ಕಟ್ಟೆಯ ಮೇಲೆ ಮಡಕೆ ಇರಲಿಲ್ಲ. ಓಣಿಯ ಬಾಗಿಲು ತೆರೆದಿತ್ತು, ಕಾಕು ಒಳಗೆ ನೆಲ ಉಜ್ಜುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಆ ಬಾಗಿಲಿಗೂ ಕೀಲಿ ಹಾಕಿ ಬಿಡು, ಇವರಿಗೆ ಹಾಗೇ ಆಗಬೇಕು ಎಂದು ಕೂಗಾಡಿದೆ. ಆಕೆ ಪೊರಕೆ ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿದಳು.

“ಹಾಕಬೇಕಂತ ರಾತ್ರಿ ಎಲ್ಲಾ ಅಂದ್ಕೊಂಡೆ. ಹಾಕಿದ್ರ ಬಸುರಿ ಹೆಣ್ಮಕ್ಕಳು ಎಲ್ಲಿಗಿ ಹೋಗಬೇಕು?” ಅಂದಳು. ಪೊರಕೆಯನ್ನು ಮತ್ತೆ ಕೈಗೆತ್ತಿಕೊಂಡು ಅಂದಳು, “ಕುಡಿಲಾಕ ನನ್ನ ಕೈ ಬ್ಯಾಡ ಇವರಿಗಿ. ಹೊಲಸು ತೊಳಿಲಾಕ ಬೇಕು.”

ಆ ಬಾಗಿಲನ್ನು ಆಕೆ ಒಂದು ಸಂತೆಗೂ ಮುಚ್ಚಲಿಲ್ಲ. ಮಡಕೆ ಮಾತ್ರ ಮತ್ತೆ ಹೊರಗೆ ಬರಲಿಲ್ಲ. ಮಂಗಳೂರಿನ ಮಾತೂ ಕಡಿಮೆಯಾಯಿತು. ನನ್ನ ಮದುವೆಯಾದ ಮೇಲೆ ಮಗ ಬಂದು ಆಕೆಯನ್ನು ಕರೆದುಕೊಂಡು ಹೋದ. ಮನೆ ಕೊಂಡವನು ಓಣಿಯ ಬಾಗಿಲಿಗೆ ಇಟ್ಟಿಗೆ ಹಾಕಿಸಿ ಮೊಬೈಲ್ ಅಂಗಡಿ ಮಾಡಿದ್ದಾನೆ. ಸ್ಟ್ಯಾಂಡಿನ ಪಾಯಖಾನೆಗೆ ಈಗಲೂ ಕೀಲಿ ಇದೆ, ಗೋಡೆಯ ಚಿತ್ರಕ್ಕೆ ಮಾತ್ರ ಹೊಸ ಬಣ್ಣ ಹೊಡೆದಿದ್ದಾರೆ. ಬಸ್ಸಿಗೆ ಹೋಗುವ ಹೆಂಗಸರು ಈಗಲೂ ನೀರು ಕುಡಿಯುವುದಿಲ್ಲ. ಯಾರ ಮೇಲೆ ಹರಿಹಾಯಬೇಕೋ ನನಗೆ ಇನ್ನೂ ತಿಳಿದಿಲ್ಲ.

ಗಂಡನ ವರ್ಗದ ಸುದ್ದಿ ಬಂದಾಗ ಮೊದಲು ನೆನಪಾದದ್ದು ಕಾಕು. ಮಗನ ನಂಬರು ಹುಡುಕಿಸಿ ಫೋನ್ ಮಾಡಿದೆ. ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಳು ಎಂದ. ಇದೇ ಊರಿನಲ್ಲಿ ಆಕೆಯ ಎದುರು ಕೂತು ನಮ್ಮೂರನ್ನು ಹೊಟ್ಟೆ ತುಂಬ ಬಯ್ಯಬೇಕು ಎಂದುಕೊಂಡಿದ್ದೆ...

ಕಳೆದ ತಿಂಗಳು ದಂಡೆಗೆ ಹೋದಾಗ ನನ್ನ ಜೊತೆಗಿದ್ದದ್ದು ಅವ್ವ. ನಮ್ಮನ್ನು ನೋಡಲು ಊರಿನಿಂದ ಬಂದಿದ್ದಳು, ಬಂದಾಗಿನಿಂದ ಇಲ್ಲಿನ ಸವಲತ್ತನ್ನು ಹೊಗಳಿ ಹೊಗಳಿ ದಣಿದಿರಲಿಲ್ಲ. ನಾನು ಕಣ್ಣು ತೊಳೆದುಕೊಂಡು ಹೊರಬಂದಾಗ ಬೆಂಚಿನ ಮೇಲೆ ಕೂತಿದ್ದಳು. ಶೌಚಾಲಯ ತೊಳೆಯುವ ಹೆಂಗಸು, ಕಾಲ ಹತ್ತಿರ ಬಕೆಟ್ಟು ಇಟ್ಟುಕೊಂಡು, ತನ್ನ ಬಾಟಲಿಯಿಂದ ಅವ್ವನ ಬೊಗಸೆಗೆ ನೀರು ಹಾಕುತ್ತಿದ್ದಳು. ಅವ್ವ ಕುಡಿದಳು, ಇನ್ನೂ ಹಾಕು ಎಂದು ಸನ್ನೆ ಮಾಡಿದಳು, ಮತ್ತೆ ಕುಡಿದಳು.

ಆ ಹೆಂಗಸು ಹೋದ ಮೇಲೆ ನಾನು ಕೇಳಿದೆ. “ಅವ್ವ, ಯಾರ ಕೈಯಾಗಿಂದು ಕುಡಿದಿ, ಗೊತ್ತದ?”

ನಾನು ಯಾರನ್ನು ನೆನೆದು ಕೇಳುತ್ತಿದ್ದೇನೆಂದು ಅವಳಿಗೆ ತಿಳಿಯಿತು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಇಲ್ಲಿ ನಮಗ ನೋಡೋರು ಯಾರದಾರ?” ಅಂದಳು.

ಅಷ್ಟೇ. ಮೈಲಿಗೆಯಲ್ಲ, ದೇವರಲ್ಲ, ಶಾಸ್ತ್ರವಲ್ಲ. ಸ್ಟ್ಯಾಂಡಿನಲ್ಲಿ ನಿಂತ ಹೆಂಗಸರು ನೋಡುತ್ತಿದ್ದರು. ಅಷ್ಟಕ್ಕಾಗಿ ಕಾಕು ತುಂಬಿದ ಗ್ಲಾಸು ಹಿಡಿದು ರಸ್ತೆಯ ಆಚೆ ನಿಲ್ಲಬೇಕಾಯಿತು. ಹೆತ್ತ ತಾಯಿಯನ್ನು ಕೈ ಹಿಡಿದು ಬಸ್ಸು ಹತ್ತಿಸಿದೆ, ಕಿಟಕಿಯ ಪಕ್ಕ ಕೂರಿಸಿದೆ. ಮನೆ ಮುಟ್ಟುವವರೆಗೆ ಅವಳ ಜೊತೆ ಮಾತಾಡಲು ನನ್ನಿಂದ ಆಗಲಿಲ್ಲ.