ಸೀಟಿನಡಿಯ ಕಡ್ಲೆಪುರಿ

ಏಪ್ರಿಲ್‌ನಲ್ಲಿ ಗಾಡಿಯ ಸೀಟು ಎತ್ತಿದರೆ ಒಳಗೆ ಇಲಿ ಸಂಸಾರ ಹೂಡಿತ್ತು. ಸುತ್ತ ಆಯುಧಪೂಜೆಯ ಕಡ್ಲೆಪುರಿ, ಕಡಿದು ತುಂಡಾದ ವೈರುಗಳು. ಅಮೆರಿಕದ ಜರ್ಮನ್‌ಟೌನಿನ ನಮ್ಮ ಗ್ಯಾರೇಜಿನಲ್ಲಿ ನಿಂತು, ಅಳಬೇಕೋ ಬೈಯಬೇಕೋ ತಿಳಿಯದೆ ಬೈದೆ.

ಗಾಡಿಯೆಂದರೆ ಎಟಿವಿ. ದಪ್ಪ ಟೈರು, ಬೈಕಿನಂಥ ಹ್ಯಾಂಡಲ್, ನಾಲ್ಕು ಚಕ್ರ. ಕೆಸರು, ಗುಡ್ಡ ಎನ್ನದೆ ಓಡುತ್ತದೆ. ವಾರವಿಡೀ ಲ್ಯಾಬಿನಲ್ಲಿ ಬಾಯಿ ಮುಚ್ಚಿಕೊಂಡಿರುವ ನನಗೆ ಈ ದೇಶದಲ್ಲಿ ಮನಸಾರೆ ಕಿರುಚಲು ಸಿಕ್ಕಿರುವುದು ಅದರ ಮೇಲೆ ಮಾತ್ರ.

ಮೈಸೂರಿನಲ್ಲಿ ನನ್ನ ಸ್ಕೂಟರ್ ವರ್ಷವಿಡೀ ಬಿಸಿಲು ಮಳೆಯಲ್ಲೇ ನಿಂತಿರುತ್ತಿತ್ತು. ನಾಲ್ಕು ಕಿಕ್ ಹೊಡೆದರೆ ಆಯಿತು. ಇಲ್ಲಿ ಚಳಿಗಾಲ ಬಂತೆಂದರೆ ಗಾಡಿಗೆ ಬಾಣಂತನ! ತೊಳೆದು, ಒರೆಸಿ, ಒಣಗಿಸಬೇಕು. ಟ್ಯಾಂಕಿನ ಪೆಟ್ರೋಲ್, ಅಂದರೆ ಇಲ್ಲಿಯವರ ‘ಗ್ಯಾಸ್’, ಕೆಡದಂತೆ ಸ್ಟೆಬಿಲೈಸರ್ ಎಂಬ ಔಷಧಿ ಬೆರೆಸಿ ಸ್ವಲ್ಪ ಹೊತ್ತು ಎಂಜಿನ್ ಓಡಿಸಬೇಕು. ಚಕ್ರಗಳನ್ನು ನೆಲದಿಂದ ಎತ್ತಿ ನಿಲ್ಲಿಸಬೇಕು. ಇಲಿ ನುಗ್ಗದಂತೆ ಸೈಲೆನ್ಸರಿನ ಬಾಯಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಬೇಕು. ಕಳೆದ ವರ್ಷ ಇಷ್ಟೆಲ್ಲ ಮಾಡಿ ಸೊಂಟ ಹಿಡಿದುಕೊಂಡು ಕೂತರೆ, ನನ್ನ ಗಂಡ ರವಿ ಭಕ್ತಿಯಿಂದ ಪೂಜೆ ಮಾಡಿ ಸೀಟಿನಡಿ ಒಂದು ಪೊಟ್ಟಣ ಪುರಿ ಇಟ್ಟಿದ್ದರು. ಗಾಡಿಗೂ ಪ್ರಸಾದ ಬೇಕಂತೆ.

ರಿಪೇರಿ ಮುಗಿದ ದಿನ ಅವರೇ ಅಂದರು, “ಇನ್ನೊಂದ್ಸಲ ಹಿಂಗಾದ್ರೆ ಸೇಲ್ ಮಾಡ್ಬಿಡೋಣ, ಸುಮಾ.” ಪುರಿ ಇಟ್ಟವರ ಮಾತು ನೋಡಿ!

ಈ ಸಲ ಹಬ್ಬಕ್ಕೆ ಗ್ಯಾರೇಜಿನ ಬಾಗಿಲಿಗೆ ಅಡ್ಡ ನಿಂತೆ.

“ರೀ, ಒಂದು ಕಾಳು ಪುರಿ ಒಳಗೆ ಬಂದ್ರೂ ನಾನು ಸುಮ್ನಿರಲ್ಲ.”

“ಪುರಿ ಇಲ್ದೆ ಅದೆಂಥ ಆಯುಧಪೂಜೆ? ಪಾಪ ಕಣೇ.”

“ಕಾರಿಗೆ ಮಾಡ್ಕೊಳ್ಳಿ.”

ಮುಖ ಊದಿಸಿಕೊಂಡು ಹೋದರು.

ಗಾಡಿಯ ಬಾಣಂತನದಲ್ಲಿ ಕೊನೆಗೆ ಉಳಿದದ್ದು ಬ್ಯಾಟರಿ. ಚಳಿಗೆ ಸಾಯುತ್ತದೆಂದು ಬಿಚ್ಚಿ ಮನೆಯೊಳಗೆ ತಂದೆ. ಬೆಚ್ಚಗಿನ ಖಾಲಿ ಜಾಗವೆಂದರೆ ದೇವರ ಗೂಡಿನ ಕೆಳಹಲಗೆ ಮಾತ್ರ. ಅಲ್ಲಿಟ್ಟು ತಿರುಗಿದರೆ ರವಿ ಹಚ್ಚಿದ ದೀಪ ಹಿಡಿದು ನಿಂತಿದ್ದಾರೆ!

“ಬ್ಯಾಟರಿ ಹತ್ರ ದೀಪಾನಾ? ತಲೆ ನೆಟ್ಟಗಿದ್ಯಾ ನಿಮ್ಗೆ?”

ದೀಪ ಆರಿಸಿ ಸಪ್ಪಗೆ ನಿಂತರು. ಅಯ್ಯೋ ಅನ್ನಿಸಿತು. ನಾನೇ ಬ್ಯಾಟರಿಗೆ ಒಂದು ಬೊಟ್ಟು ಕುಂಕುಮ ಇಟ್ಟು, ಮುಂದೆ ಬಟ್ಟಲು ತುಂಬ ಕಡ್ಲೆಪುರಿ ಇಟ್ಟೆ. ಇಬ್ಬರೂ ಅಲ್ಲೇ ಕೂತು ತಿಂದೆವು.

“ಗಾಡಿ ಅಲ್ಲಿ, ಬ್ಯಾಟರಿ ಇಲ್ಲಿ. ಏಪ್ರಿಲ್‌ನಲ್ಲಿ ಸ್ಟಾರ್ಟ್ ಆಗುತ್ತಾ?” ಎಂದರು.

“ಆಗದೆ ಏನು?” ಎಂದೆ. ಮೈ ಒಂದು ಕಡೆ, ಜೀವ ಒಂದು ಕಡೆ ಇಟ್ಟುಕೊಂಡು ನಾವು ದಿನಾ ಬೆಳಿಗ್ಗೆ ಸ್ಟಾರ್ಟ್ ಆಗುತ್ತಿಲ್ಲವೇ?