ವೀಣೆಯ ಉಸಿರು, ಅತ್ತೆಯ ಕೌದಿ

ನನ್ನ ಕೈ ಮೊಂಡು, ಕಿವಿ ಚುರುಕು. ಮೈಸೂರಿನಲ್ಲಿ ನನಗೆ ವೀಣೆ ಕಲಿಸಲು ಹೋಗಿ ಸುಸ್ತಾದ ಮೇಷ್ಟ್ರು ಅಮ್ಮನ ಮುಂದೆ ಕೊಟ್ಟ ತೀರ್ಪು ಇದು. "ಇವಳು ನುಡಿಸೋದು ಬೇಡ ತಾಯಿ, ಕೇಳಲಿ ಸಾಕು. ಕೇಳೋದ್ರಲ್ಲಿ ಇವಳಿಗೆ ಸಾಟಿ ಇಲ್ಲ" ಎಂದು ಹೇಳಿ, ಕಾಫಿ ಕುಡಿದು ಹೋದವರು ಮತ್ತೆ ಪಾಠಕ್ಕೆ ಬರಲಿಲ್ಲ. ಅಮ್ಮ ಮಾತಿನ ಮೊದಲ ಭಾಗ ಹಿಡಿದುಕೊಂಡು ಬೇಜಾರು ಮಾಡಿಕೊಂಡಳು. ನಾನು ಎರಡನೆಯ ಭಾಗವನ್ನು ಹಿಡಿದುಕೊಂಡು ಇವತ್ತಿನವರೆಗೂ ಬೀಗುತ್ತಿದ್ದೇನೆ.

ಬ್ಯಾಂಕಿನ ಕೆಲಸ ನನ್ನನ್ನು ವಿಜಯವಾಡಕ್ಕೆ ತಂದುಹಾಕಿತು, ಮದುವೆ ಅಲ್ಲೇ ಕಟ್ಟಿಹಾಕಿತು. ಗಂಡ ತೆಲುಗಿನವರು. ಅತ್ತೆ ಹುಟ್ಟಿದ್ದು ಬಳ್ಳಾರಿಯಲ್ಲಿ. ಆಂಧ್ರಕ್ಕೆ ಸೊಸೆಯಾಗಿ ಬಂದು ಎಷ್ಟು ವರ್ಷವಾದರೂ ಅವರ ಕನ್ನಡ ಮಾತ್ರ ಬಳ್ಳಾರಿಯಲ್ಲೇ ಉಳಿದಿದೆ. ಇನ್ನು ನನ್ನ ಗಂಡನ ಅಣ್ಣ, ಅಂದರೆ ನಮ್ಮ ಬಾವಗಾರು. ವಿಜಯವಾಡದಲ್ಲೇ ಬೇರೆ ಮನೆ ಮಾಡಿಕೊಂಡಿದ್ದರು. ಶಬ್ದಕ್ಕೆ ಸಂಬಂಧಪಟ್ಟ ಏನೇ ಇರಲಿ, ಫೋನಿನಲ್ಲಿ ಹತ್ತಾರು ವಿಡಿಯೊ ನೋಡಿ ತೀರ್ಪು ಕೊಡುವ ಅಧಿಕಾರ ಅವರದು. ನಾವು ಮನೆಗೊಂದು ಒಳ್ಳೆಯ ಸ್ಟೀರಿಯೊ ಸೆಟ್ಟು ಕೊಳ್ಳುತ್ತೇವೆ ಎಂದು ಬಾಯಿಬಿಟ್ಟದ್ದೇ ತಡ, ಎದೆಯೆತ್ತರದ ಸ್ಪೀಕರುಗಳ ಚಿತ್ರಗಳು ಒಂದರ ಹಿಂದೊಂದು ಬಂದು ಬಿದ್ದವು. "ಬಾಸ್ ಬರ್ಬೇಕಮ್ಮಾ ಬಾಸ್. ಗೋಡೆ ಅದರಬೇಕು" ಎಂಬುದು ಅವರ ಸಿದ್ಧಾಂತ.

ಬೆಂಜ್ ಸರ್ಕಲ್ ಹತ್ತಿರದ ಅಂಗಡಿಗೆ ಹೋದಾಗ ಉರಿಬೇಸಿಗೆ. ಅಂಗಡಿಯವನು ನನ್ನ ಗಂಡನಿಗೆ ಕುರ್ಚಿ ಹಾಕಿದ, ಬಾವಗಾರಿಗೆ ರಿಮೋಟು ಕೊಟ್ಟ, ನನಗೆ ನೀರು ಕೊಟ್ಟ. ಆಮೇಲೆ ಒಂದು ಸಿನಿಮಾ ಯುದ್ಧವನ್ನು ಹಾಕಿದ. ಕುದುರೆಗಳು ನನ್ನ ಹೊಟ್ಟೆಯೊಳಗೇ ಓಡಿದಂತಾಯಿತು. ಬಾವಗಾರ ಮುಖ ಅರಳಿತು. ನಾನು ನನ್ನ ಫೋನು ಅಂಗಡಿಯವನ ಕೈಗಿತ್ತು, ಅದರಲ್ಲಿದ್ದ ವೀಣೆಯ ಹಳೆಯ ಧ್ವನಿಮುದ್ರಣವೊಂದನ್ನು ಹಾಕಲು ಹೇಳಿದೆ. ಜೊತೆಗೆ ಏಸಿಯನ್ನೂ ಆರಿಸಬೇಕು ಎಂದೆ.

"ಮೇಡಂ, ಏಸಿ ಆಫ್ ಚೇಸ್ತೇ ಚಚ್ಚಿಪೋತಾಂ" ಎಂದು ಅವನು ಕೈಮುಗಿದ. ಸತ್ತೇಹೋಗುತ್ತೇವೆ ಎಂದು ಅವನ ಗೋಳು. ನಾನು ಸೊಪ್ಪು ಹಾಕಲಿಲ್ಲ. ಏಸಿಯ ಗುಯ್‌ಗುಟ್ಟುವಿಕೆ ನಿಂತರೆ ತಾನೆ ಸ್ಪೀಕರು ಏನು ಹೇಳುತ್ತದೆಂದು ತಿಳಿಯುವುದು.

ಆ ಧ್ವನಿಮುದ್ರಣದಲ್ಲಿ ಒಂದು ಜಾಗವಿದೆ. ಆಲಾಪನೆ ಮುಗಿದು ತಾನಕ್ಕೆ ಇಳಿಯುವ ಮುಂಚೆ ವೀಣೆ ಒಂದು ಕ್ಷಣ ಸುಮ್ಮನಾಗುತ್ತದೆ. ಆ ಮೌನದಲ್ಲಿ ನುಡಿಸುವಾಕೆ ಒಮ್ಮೆ ಉಸಿರೆಳೆದುಕೊಳ್ಳುತ್ತಾಳೆ. ಆ ಉಸಿರು ಕೇಳಿಸಿದರೆ ಆಕೆ ನಮ್ಮ ಹಾಲಿನಲ್ಲೇ ಚಾಪೆ ಹಾಕಿಕೊಂಡು ಕೂತಿದ್ದಾಳೆ ಎಂದರ್ಥ. ಕೇಳಿಸದಿದ್ದರೆ ಬರೀ ತಂತಿ ಮೀಟಿದ ಸದ್ದು, ಅಷ್ಟೆ. ದೊಡ್ಡ ಸ್ಪೀಕರುಗಳಲ್ಲಿ ಅದು ಕೇಳಿಸಲಿಲ್ಲ. ಮೂಲೆಯಲ್ಲಿ ಯಾರೂ ಕೇಳುವವರಿಲ್ಲದೆ ಕೂತಿದ್ದ, ಮರದ ಮೈಯ ಒಂದು ಪುಟ್ಟ ಜೋಡಿಯಲ್ಲಿ ಕೇಳಿಸಿತು. ಎಲ್ಲರೂ ಬೆವರಿನಲ್ಲಿ ತೊಯ್ದು ಕೂತಿರುವಾಗ ನಾನು "ಇದೇ ಬೇಕು" ಎಂದೆ. "ಉಸಿರು ಕೇಳಿಸ್ತಲ್ಲ?" ಎಂದು ಗಂಡನನ್ನು ಕೇಳಿದೆ. ಅವರು ತಲೆಯಾಡಿಸಿದರು. ಕೇಳಿಸಿರಲಿಲ್ಲ ಎಂದು ನನಗೆ ಗೊತ್ತು. ಏಸಿ ಬೇಗ ಹಾಕಲಿ ಎಂದು ಆಡಿಸಿದ ತಲೆ ಅದು. ಬಾವಗಾರು ಮೂಗು ಮುರಿದು, "ಉಸಿರೂ ಇಲ್ಲ ಏನೂ ಇಲ್ಲ. ನಿಮ್ದೆಲ್ಲ ಭ್ರಮೆ ಅಮ್ಮಾ" ಎಂದರು. ನಾನು ಆ ಪುಟ್ಟ ಜೋಡಿಯನ್ನೂ ಅದಕ್ಕೆ ಹೊಂದುವ ಆಂಪ್ಲಿಫೈಯರನ್ನೂ ಕಟ್ಟಿಸಿಕೊಂಡು ರಾಣಿಯಂತೆ ಹೊರಗೆ ಬಂದೆ.

ವಿಜಯವಾಡದ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಅದು ಹಾಡಿದ್ದೇ ಹಾಡಿದ್ದು. ಆ ಹಾಲಿನಲ್ಲಿ ಅತ್ತೆಯ ಮಂಚವಿತ್ತು, ಮಂಚದ ಮೇಲೆ ಅವರ ಕೌದಿಗಳ ರಾಶಿಯಿತ್ತು. ಹಳೆಯ ಸೀರೆಗಳನ್ನು ಪದರದ ಮೇಲೆ ಪದರವಿಟ್ಟು ಕೈಯಲ್ಲೇ ಹೊಲಿದ, ಎತ್ತಲು ಇಬ್ಬರು ಬೇಕಾಗುವಂಥ ಹೊದಿಕೆಗಳು. ಹಾಲಿಗೆ ಶೋಭೆಯಿಲ್ಲ ಎಂದು ನನಗೆ ಒಳಗೊಳಗೇ ಕಿರಿಕಿರಿ. ಅತ್ತೆಗೆ ನನ್ನ ಸೆಟ್ಟಿನ ಚಿಂತೆ. ಮಿಕ್ಸಿಗೆ, ಟಿವಿಗೆ, ಕೊನೆಗೆ ರಿಮೋಟಿಗೂ ಅಂಗಿ ಹೊಲಿದಿದ್ದವರು ಆಂಪ್ಲಿಫೈಯರನ್ನು ಬಿಟ್ಟಾರೆಯೇ? ಜರಿಯಂಚು ಸಮೇತ ಒಂದು ಮುಸುಕು ತಯಾರಾಯಿತು.

"ಅದಕ್ಕೆ ಗಾಳಿ ಆಡಬೇಕು ಅತ್ತೆ. ಹೊದಿಸಿದ್ರೆ ಬಿಸಿಯಾಗಿ ಸುಟ್ಟುಹೋಗುತ್ತೆ."

"ಮತ್ತ ಧೂಳು ಕುಂತ್ರ? ಹಲ್ಲಿ ಹೊಕ್ಕಂಡ್ರ? ನಿನ್ ಗಾಳಿ ಬಂದು ಓಡಸ್ತೈತೇನು?"

ಕೊನೆಗೆ ಹಾಡುವಾಗ ಮುಸುಕು ತೆಗೆಯುವುದು, ಆರಿಸಿ ತಣ್ಣಗಾದ ಮೇಲೆ ಹಾಕುವುದು ಎಂದು ರಾಜಿಯಾಯಿತು. ಅದನ್ನು ಇಬ್ಬರೂ ಒಲ್ಲದ ಮನಸ್ಸಿನಿಂದಲೇ ಪಾಲಿಸಿದೆವು.

ಅಷ್ಟರಲ್ಲಿ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಗಂಡನೂ ಅಲ್ಲೇ ಕೆಲಸ ಹುಡುಕಿಕೊಂಡರು. ಸಾಮಾನು ಸಾಗಿಸುವವರ ಕೈಗೆ ಬೀರು ಕೊಟ್ಟೆ, ಫ್ರಿಜ್ಜು ಕೊಟ್ಟೆ, ಪಾತ್ರೆ ಕೊಟ್ಟೆ. ಸೆಟ್ಟನ್ನು ಮಾತ್ರ ಕೊಡಲಿಲ್ಲ. ಸ್ಪೀಕರುಗಳನ್ನು ಕಾಟನ್ ಸೀರೆಗಳಲ್ಲಿ ಸುತ್ತಿ ರೈಲಿನಲ್ಲಿ ನಮ್ಮ ಕಾಲ ಬಳಿಯೇ ಇಟ್ಟುಕೊಂಡೆ, ಸೀರೆ ಸುತ್ತಿದ ಆಂಪ್ಲಿಫೈಯರು ತೊಡೆಯ ಮೇಲೆ. ಎದುರು ಸೀಟಿನ ಹೆಂಗಸು ಬಟ್ಟೆಯ ಗಂಟನ್ನು ನೋಡಿ ಮಗು ಎಂದುಕೊಂಡು ದನಿ ತಗ್ಗಿಸಿ ಮಾತಾಡಿದಳು. ನಾನೂ ತಿದ್ದಲು ಹೋಗಲಿಲ್ಲ.

ಮಧುರವಾಡದ ಹೊಸ ಅಪಾರ್ಟ್‌ಮೆಂಟಿನಲ್ಲಿ ಮನೆ. ಸಮುದ್ರ ಕಾಣುತ್ತದೆ ಎಂದು ಮಾಲೀಕರು ಹೇಳಿದ್ದರು. ಬಾಲ್ಕನಿಯ ತುದಿಗೆ ನಿಂತು ಕತ್ತು ಚಾಚಿದರೆ ನೀಲಿಯ ಒಂದು ಚೂರು ಕಾಣುತ್ತದೆ, ಸುಳ್ಳಲ್ಲ. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಹಾಲಿನ ಒಂದು ಕಡೆ ಉದ್ದಕ್ಕೂ ಗಾಜಿನ ಬಾಗಿಲು. ಇಲ್ಲಾದರೂ ನನ್ನ ಆಸೆಯಂತೆ ಇರಲಿ ಎಂದು ಅತ್ತೆಯ ಮಂಚವನ್ನು ಅವರ ಕೋಣೆಗೆ ಹಾಕಿಸಿದೆ, ಕೌದಿಗಳನ್ನು ಟ್ರಂಕಿಗೆ ಸೇರಿಸಿದೆ, ಪರದೆ ಕಟ್ಟಲಿಲ್ಲ. ಹಾಲಿನಲ್ಲಿ ಬೆಳಕು, ಒಂದು ಸೋಫಾ, ನನ್ನ ಸೆಟ್ಟು, ಇನ್ನೇನೂ ಬೇಡ. ಅತ್ತೆ ಸುತ್ತ ನೋಡಿ, "ಆಸ್ಪತ್ರಿ ಇದ್ದಂಗೈತಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಮೊದಲ ದಿನವೇ ವೀಣೆ ಹಾಕಿದೆ. ವೀಣೆಯೇ ಅಲ್ಲ ಅದು, ಬಸ್‌ಸ್ಟ್ಯಾಂಡಿನ ಮೈಕು. ಒಂದು ಸ್ವರ ಮುಗಿಯುವ ಮುಂಚೆ ಅದರದೇ ದನಿ ತಿರುಗಿ ಬಂದು ಮುಂದಿನ ಸ್ವರವನ್ನು ತುಳಿಯುತ್ತಿತ್ತು. ಉಸಿರಿನ ಜಾಗ ಬಂತು, ಹೋಯಿತು. ಏನೂ ಕೇಳಿಸಲಿಲ್ಲ.

ರೈಲಿನಲ್ಲಿ ಏಟಾಯಿತೇನೋ ಎಂದು ಕಂಗಾಲಾದೆ. ಬ್ಯಾಂಕಿನವರ ಪರಿಚಯದ ರಿಪೇರಿಯವರು ಬಂದು ಬಿಚ್ಚಿ ನೋಡಿ ಎಲ್ಲಾ ಸರಿಯಾಗಿದೆ ಎಂದರು. ಹಾಗಾದರೆ ಸಮುದ್ರದ ಗಾಳಿಯೇ ಇರಬೇಕು. ಕಿಟಕಿಯ ಸರಳುಗಳನ್ನೇ ತಿನ್ನುವ ಉಪ್ಪು ನನ್ನ ಸೆಟ್ಟನ್ನು ಬಿಡುತ್ತದೆಯೇ? ಯುದ್ಧಕ್ಕೆ ನಿಂತೆ. ಬಾಗಿಲು ಮುಚ್ಚಿದೆ. ವೈರು ಸಿಕ್ಕಿಸುವ ಜಾಗಗಳನ್ನು ದಿನಾ ಒಣಬಟ್ಟೆಯಲ್ಲಿ ಒರೆಸಿದೆ. ಚಪ್ಪಲಿ ಡಬ್ಬಿಗಳಲ್ಲಿ, ವ್ಯಾನಿಟಿ ಬ್ಯಾಗುಗಳಲ್ಲಿ ಬರುತ್ತವಲ್ಲ, ತೇವ ಹೀರುವ ಪುಟಾಣಿ ಪೊಟ್ಟಣಗಳು, ಅವನ್ನು ಎಸೆಯದೆ ತಂದುಕೊಡಿ ಎಂದು ಬ್ಯಾಂಕಿನವರಿಗೆಲ್ಲ ಹೇಳಿಟ್ಟೆ. ಕ್ಯಾಷಿಯರು ಬೆಳಗ್ಗೆ ನಮಸ್ಕಾರದ ಬದಲು ಪೊಟ್ಟಣ ಚಾಚುವ ಸ್ಥಿತಿ ಬಂತು. ನೆಲ ಒರೆಸುವ ನೀರು ಸಿಡಿಯದಿರಲೆಂದು ಸ್ಪೀಕರುಗಳನ್ನು ಗೋಡೆಗೆ ಒತ್ತಿಟ್ಟೆ. ಅಷ್ಟು ಮಾಡಿದರೂ ಬಸ್‌ಸ್ಟ್ಯಾಂಡು ಬಸ್‌ಸ್ಟ್ಯಾಂಡೇ.

ಬಾವಗಾರು ವಿಡಿಯೊ ಕಾಲಿನಲ್ಲೇ ರೋಗ ಪತ್ತೆ ಮಾಡಿದರು. "ಉಪ್ಪು ಗಾಳಿ ಅಮ್ಮಾ. ನಮ್ಮ ಮನೇಲಿ ಇಡೋಣ, ಸೇಫ್ ಆಗಿರುತ್ತೆ. ದಸರಾಕ್ಕೆ ಕಾರು ತರ್ತೀನಲ್ಲ, ಒಯ್ತೀನಿ." ಆಮೇಲೆ ಮೆಲ್ಲಗೆ, "ಮೊದಲೂ ಅಷ್ಟೇ ಇತ್ತೇನೋ. ನಿಮಗೆ ಹಂಗೆ ಅನ್ನಿಸಿತ್ತು" ಎಂದರು. ನನ್ನ ಸೆಟ್ಟಿನ ಮೇಲೆ ಅವರಿಗೆ ಕಣ್ಣಿದೆ ಎಂಬುದು ನನಗೆ ಹೊಸದಲ್ಲ. ಆದರೆ ಆ ಕೊನೆಯ ಮಾತು ಚುಚ್ಚಿತು. ಮೇಷ್ಟ್ರು ಕೊಟ್ಟುಹೋದ ಒಂದೇ ಒಂದು ಆಸ್ತಿ ನನ್ನ ಕಿವಿ. ಅದೇ ಸುಳ್ಳಾದರೆ ನನಗುಳಿಯುವುದು ಮೊಂಡು ಕೈ ಮಾತ್ರ. ಸಿಟ್ಟಿನಲ್ಲಿ, "ತಗೊಂಡು ಹೋಗಿ ಬಾವಗಾರೂ, ನನಗೂ ಬೇಡ" ಎಂದುಬಿಟ್ಟೆ. ಗಂಡ "ಪೋನೀಲೇ, ಹೋಗ್ಲಿ ಬಿಡು" ಎಂದು ಸಮಾಧಾನ ಮಾಡಲು ಬಂದರು. ಅವರ ಮೇಲೂ ರೇಗಿದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ದಸರಾ ಬಂತು. ಅತ್ತೆಯ ಮನೆಯಲ್ಲೂ ಗೊಂಬೆ ಕೂರಿಸುತ್ತಾರೆ, ನನ್ನ ಮೈಸೂರಿನ ಪಟ್ಟದ ಗೊಂಬೆಗಳೂ ಜೊತೆಗೂಡುತ್ತವೆ. ಅತ್ತೆ ತೋರಿಸಿದ್ದು ಸ್ಪೀಕರಿದ್ದ ಗೋಡೆಯನ್ನೇ.

"ಗೊಂಬಿ ಮಾರಿ ಮೂಡಲಕ್ಕ ಇರಬೇಕು. ನಿನ್ ಡಬ್ಬಿ ಸರಸು."

ಹೇಗೂ ಹೋಗುವ ಸೆಟ್ಟು, ಜಗಳವೇಕೆ ಎಂದು ಮುಖ ಊದಿಸಿಕೊಂಡೇ ಸ್ಪೀಕರುಗಳನ್ನು ಮುಂದಕ್ಕೆಳೆದು ಎರಡು ಪಕ್ಕಕ್ಕೆ ದ್ವಾರಪಾಲಕರಂತೆ ನಿಲ್ಲಿಸಿದೆ. ಅತ್ತೆ ಟ್ರಂಕು ತೆರೆಸಿದರು. ಬಾಡಿಗೆ ಮನೆಯ ಗೋಡೆಗೆ ಗೊಂಬೆ ಕೂರಿಸುವ ಮೆಟ್ಟಿಲು ತಾಗಿ ಗೆರೆ ಬೀಳಬಾರದೆಂದು ಹಿಂದೆ ಎರಡು ಕೌದಿ ಇಳಿಬಿಟ್ಟು, ಅದರ ಮೇಲೆ ರೇಷ್ಮೆ ಸೀರೆ ಕಟ್ಟಿಸಿದರು. ಸಮುದ್ರದ ಗಾಳಿಗೆ ದೀಪ ಆರಬಾರದೆಂದು ಗಾಜಿನ ಬಾಗಿಲಿಗೂ ಎರಡು ಕೌದಿ. ನನ್ನ ಚಂದದ ಹಾಲು ಗುಡಾರವಾಯಿತು. ಹಬ್ಬದ ಹೊತ್ತೆಂದು ಸಹಿಸಿಕೊಂಡೆ.

ಅಷ್ಟಮಿಯ ಸಂಜೆ ಅಪಾರ್ಟ್‌ಮೆಂಟಿನ ಹೆಂಗಸರು ಗೊಂಬೆ ನೋಡಲು ಬರುವವರಿದ್ದರು. ಬಾವಗಾರು ಮಧ್ಯಾಹ್ನವೇ ಬಂದಿಳಿದಿದ್ದರು, ಸೆಟ್ಟನ್ನು ಸುತ್ತಿ ಒಯ್ಯಲು ಕಾರಿನ ತುಂಬ ಥರ್ಮೋಕೋಲ್ ಹಾಳೆಗಳೊಂದಿಗೆ. ಅತ್ತೆ ಒಳಗಿನಿಂದ, "ಮಂದಿ ಬರ್ತಾರ, ಆ ವೀಣಿ ಹಚ್ಚವ್ವ" ಎಂದರು. ಕೊನೆಯ ಸಲ ಎಂದುಕೊಂಡು ಹಾಕಿ, ತಾಂಬೂಲದ ತಟ್ಟೆ ಜೋಡಿಸಲು ಕೂತೆ.

ಮೊದಲ ಮೀಟಿಗೇ ಕೈ ನಿಂತಿತು. ತಂತಿ ತಂತಿಯಾಗಿ, ಸ್ವಚ್ಛವಾಗಿ, ಗೊಂಬೆಗಳ ನಡುವಿನಿಂದ ವೀಣೆ ಎದ್ದು ಬರುತ್ತಿತ್ತು. ಪ್ರತಿಸ್ವರವೂ ತನ್ನ ಜಾಗದಲ್ಲಿ ಹುಟ್ಟಿ ತನ್ನ ಜಾಗದಲ್ಲೇ ಮುಗಿಯುತ್ತಿತ್ತು. ಆಲಾಪನೆ ಮುಗಿಯುವವರೆಗೆ ನಾನು ಕದಲಲಿಲ್ಲ. ವೀಣೆ ಸುಮ್ಮನಾಯಿತು. ಆಕೆ ಉಸಿರೆಳೆದುಕೊಂಡಳು. ನಾನು "ಬಂದ್ಲು!" ಎಂದು ಕಿರುಚಿದ್ದಕ್ಕೆ, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಪಕ್ಕದ ಮನೆಯಾಕೆ ತನಗೇ ಸ್ವಾಗತ ಎಂದುಕೊಂಡು ಸಂತೋಷಪಟ್ಟಳು.

ಬಾವಗಾರು ಒಪ್ಪುತ್ತಾರೆಯೇ? ಇವತ್ತು ಗಾಳಿ ಒಣಗಿದೆ ಎಂದರು, ಕರೆಂಟು ಚೆನ್ನಾಗಿದೆ ಎಂದರು. ಉಸಿರು ಮಾತ್ರ ಈಗಲೂ ನನ್ನ ಭ್ರಮೆಯೇ. ನಾನು ಹೇಗೋ ಹಬ್ಬ ಮುಗಿಸಿದೆ. ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಗಳನ್ನು ಮಲಗಿಸಿದೆವು. ಮರುದಿನ ಮೆಟ್ಟಿಲು ಬಿಚ್ಚಿ, ಕೌದಿಗಳನ್ನೂ ಇಳಿಸಿ ಮಡಿಸಿಟ್ಟೆವು. ಮುಂದಕ್ಕೆಳೆದ ಸ್ಪೀಕರುಗಳು ಇದ್ದಲ್ಲೇ ಇದ್ದವು. ವೀಣೆ ಹಾಕಿದೆ. ಮತ್ತೆ ಬಸ್‌ಸ್ಟ್ಯಾಂಡು! ಆಗ ನನಗೆ ಹೊಳೆಯಿತು. ವಿಜಯವಾಡದ ಹಾಲಿನಲ್ಲಿ ಮಂಚದ ಮೇಲೆ ರಾಶಿ ಬಿದ್ದಿದ್ದದ್ದೂ ಈ ಕೌದಿಗಳೇ ಅಲ್ಲವೇ. ಉಪ್ಪು ಗಾಳಿಯೂ ಅಲ್ಲ, ರೈಲೂ ಅಲ್ಲ; ದನಿಯನ್ನು ಹೀರಿಕೊಳ್ಳದೆ ಹಿಂದಕ್ಕೆಸೆಯುವ ಬರಿಗೋಡೆ, ಬರಿಗಾಜು, ಬರಿನೆಲ. ನನ್ನ ಸೆಟ್ಟಿಗೆ ಏನೂ ಆಗಿರಲಿಲ್ಲ. ನನ್ನ ಕಿವಿಗೂ.

"ಬಾವಗಾರೂ, ಕೂತ್ಕೊಳ್ಳಿ. ಕಣ್ಣು ಮುಚ್ಚಿ. ಉಸಿರು ಕೇಳಿಸಿದ್ರೆ ಬೆರಳೆತ್ತಿ."

ಮೊದಲು ಕೌದಿಯಿಲ್ಲದೆ ಹಾಕಿದೆ. ಆ ಜಾಗ ಬಂತು, ಹೋಯಿತು, ಅವರು ಬೆರಳೆತ್ತಲಿಲ್ಲ. "ನೋಡಿದ್ರಾ, ಇಲ್ವೇ ಇಲ್ಲ" ಎಂದು ಕಣ್ಣು ಮುಚ್ಚಿಕೊಂಡೇ ಗೆಲುವಿನ ನಗೆ ನಕ್ಕರು. ನಾನು ಸದ್ದಿಲ್ಲದೆ ಕೈಸನ್ನೆ ಮಾಡಿದೆ. ಗಂಡನೂ ನಾನೂ ಗೋಡೆಗೆ ಎರಡು, ಗಾಜಿಗೆ ಎರಡು ಕೌದಿ ಏರಿಸಿದೆವು. ಒಂದರ ಮೊಳೆ ಜಾರಿತು; ಅತ್ತೆ ಸೋಫಾ ಹತ್ತಿ ಅದರ ಮೂಲೆಯನ್ನು ಕೈಯಲ್ಲೇ ಎತ್ತಿ ಹಿಡಿದುಕೊಂಡು ನಿಂತರು. ಮತ್ತೆ ಹಾಕಿದೆ.

ಬಾವಗಾರ ನಗು ಮೊದಲು ಸಡಿಲವಾಯಿತು, ಆಮೇಲೆ ಪೂರಾ ಹೋಯಿತು. ಅವರ ಕತ್ತು ತಾನಾಗಿ ಮುಂದಕ್ಕೆ ಬಾಗಿತು. ವೀಣೆ ಸುಮ್ಮನಾಯಿತು. ಬೆರಳು ಎದ್ದಿತು.

ನಾನು ಕುಣಿದೆ ಎಂದು ಗಂಡ ಈಗಲೂ ಹೇಳುತ್ತಾರೆ. ಕುಣಿದಿರಬಹುದು. ಮೇಷ್ಟ್ರು ಎಲ್ಲಿದ್ದರೂ ಅವರಿಗೆ ಆ ಬೆರಳನ್ನು ತೋರಿಸಬೇಕು ಎನ್ನಿಸಿತು. ಬಾವಗಾರು ಕಣ್ಣು ಬಿಟ್ಟು, ಸೋಫಾದ ಮೇಲೆ ಕೌದಿ ಹಿಡಿದು ನಿಂತಿದ್ದ ತಾಯಿಯನ್ನು ನೋಡಿ ಬೆರಳನ್ನು ಮೆಲ್ಲಗೆ ಇಳಿಸಿದರು. ಆಮೇಲೆ ಸಣ್ಣ ದನಿಯಲ್ಲಿ, "ಅಮ್ಮಾ, ಇಂಥದ್ದು ಇನ್ನೊಂದೆರಡು ಇದೆಯಾ?" ಎಂದರು.

ಅತ್ತೆ ಕೆಳಗಿಳಿಯುವ ಆತುರ ತೋರಲಿಲ್ಲ. "ಹೋದ ಸಲ ಕೊಟ್ಟದ್ದನ್ನ ಹಳೇ ಚಿಂದಿ ಅಂತ ವಾಪಸ್ ಕಳಿಸಿದ್ದೆಲ್ಲೋ" ಎಂದವರು, ನನ್ನ ಕಡೆಗೂ ಒಂದು ನೋಟ ಹರಿಸಿದರು. ಟ್ರಂಕಿಗೆ ಸೇರಿಸಿದವಳು ನಾನೇ ತಾನೆ, ನಾನು ಹಬ್ಬದ ತಟ್ಟೆಗಳನ್ನು ಜೋಡಿಸತೊಡಗಿದೆ. ಅತ್ತೆ ಮತ್ತೆ ಮಗನ ಕಡೆಗೆ ತಿರುಗಿದರು. "ಮನ್ಯಾಗಿನ ಹಳೇ ಸೀರಿ ಕಳಿಸಿಕೊಡು. ಹೊಲದು ಕೊಡ್ತೀನಿ."

ಬಾವಗಾರ ಕಾರು ಥರ್ಮೋಕೋಲ್ ಹೊತ್ತುಕೊಂಡು ಬಂದಂತೆಯೇ ವಿಜಯವಾಡಕ್ಕೆ ಹಿಂತಿರುಗಿತು. ಹಾಲಿನ ಕೌದಿಗಳನ್ನು ನಾನು ಮತ್ತೆ ಇಳಿಸಲಿಲ್ಲ. ಬಂದವರು ಅವನ್ನು ನೋಡಿ ಎಲ್ಲಿ ಕೊಂಡಿರಿ ಎಂದು ಕೇಳುತ್ತಾರೆ, ಅತ್ತೆ ಹೊಲಿದದ್ದು ಎಂದು ನಾನು ಜಂಬದಿಂದಲೇ ಹೇಳುತ್ತೇನೆ. ಮೊನ್ನೆ ಭಾನುವಾರ ವೀಣೆ ಹಾಕಿಟ್ಟು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದೆ, ಆ ಜಾಗ ಬಂದದ್ದು ಗಮನಕ್ಕೇ ಬರಲಿಲ್ಲ. ಅಡುಗೆಮನೆಯಿಂದ ಅತ್ತೆಯ ದನಿ ಬಂತು.

"ಏ ಹುಡುಗಿ, ಉಸಿರು ತಗೊಂಡ್ಲು ನೋಡು. ಕೇಳಿಸ್ತಿಲ್ಲೋ?"